ಮುತ್ತೈದಿ ಮೀನು ಮತ್ತು ತೂತಿನ ಡಬ್ಬಿ

ನೀರು ಕಂಡಲ್ಲಿ ಬಗ್ಗಿ ನೋಡುವ ಚಟ ನನಗಿದೆ. ಬಾವಿ, ಹೊಂಡ, ಹಳ್ಳ, ದನಗಳಿಗೆ ನೀರಿಡುವ ಕಲ್ಲಿನ ದೋಣಿ, ಕೊನೆಗೆ ಮದುವೆ ಮನೆಯಲ್ಲಿ ಕೈ ತೊಳೆಯಲು ಇಟ್ಟ ಬ್ಯಾರಲ್ಲಾದರೂ ಸರಿ, ಒಮ್ಮೆ ಇಣುಕದಿದ್ದರೆ ಸಮಾಧಾನವಿಲ್ಲ. ಗುಳೇದಗುಡ್ಡದ ಬೀಗರ ಮನೆಗೆ ಮೊದಲ ಸಲ ಹೋದಾಗ ಬಚ್ಚಲಿನ ಹಂಡೆಯೊಳಗೆ ಹೀಗೇ ಇಣುಕಿದೆ. ಅಂಗಿ ಕಿಸೆಯ ಕನ್ನಡಕ ಅದರೊಳಗೆ ಬಿತ್ತು. ತೋಳು ಮುಳುಗಿಸಿ ಅದನ್ನು ತೆಗೆದು, ಅರ್ಧ ಒದ್ದೆಯಾಗಿ ಪಡಸಾಲೆಗೆ ಬಂದು ಕೂತೆ. ಅವರು ಏನೂ ಕೇಳಲಿಲ್ಲ. ಹುಡುಗಿ ಕೊಡುವ ಮಾತು ಆಗಲೇ ಮುಗಿದಿತ್ತು, ಅದೇ ಪುಣ್ಯ.

ಇದು ಹುಚ್ಚಲ್ಲ, ನೌಕರಿ ಅಂಟಿಸಿದ ರೋಗ. ಹುನಗುಂದದ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷದ ಮೇಲೆ ಆರೋಗ್ಯ ಸಹಾಯಕನಾಗಿದ್ದೆ. ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಕೊಂಕಿ ಕೊಂಕಿ ಆಡುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ನಿವೃತ್ತನಾಗಿ ಜಿಲ್ಲಾ ಊರಿನ ವಿದ್ಯಾಗಿರಿ ಬಡಾವಣೆಯಲ್ಲಿ ಮಗ ಸೊಸೆಯ ಜೊತೆ ಇರತೊಡಗಿದ ಮೇಲೂ ಕುತ್ತಿಗೆ ಮಾತ್ರ ನಿವೃತ್ತಿ ತೆಗೆದುಕೊಂಡಿಲ್ಲ.

ಇನ್ನೊಂದು ರೋಗವನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದೆ ನಿಮಗೆ ಬೇಕಾಗುತ್ತದೆ. ನಾನು ಚಿಂತೆಯ ಮನುಷ್ಯ. ಗ್ಯಾಸಿನ ಕೀಲಿ ಮೂರು ಸಲ ಮುಟ್ಟಿ ನೋಡದೆ ಮನೆ ಬಿಡುವುದಿಲ್ಲ. ಬಸ್ ನಿಲ್ದಾಣ ಮುಟ್ಟಿದ ಮೇಲೆ, ಮೂರನೆಯ ಸಲ ಮುಟ್ಟಿದಾಗ ನಾನೇ ಎಲ್ಲಿ ಬಿಚ್ಚಿಬಿಟ್ಟೆನೋ ಎಂದು ತಿರುಗಿ ಬಂದದ್ದೂ ಇದೆ. ಹೆಂಡತಿ ಶಾಂತವ್ವ ಬೈದು ಬೈದು ಸಾಕಾಗಿ ಈಗ ಬಾಗಿಲಲ್ಲೇ ಕೂತು ಕಾಯುತ್ತಾಳೆ, ನಾನು ತಿರುಗಿ ಬರುವುದು ಅವಳಿಗೆ ಗೊತ್ತು.

ಈಗ ಡಬ್ಬಿಯ ವಿಷಯ. ದಸರೆಯ ಮುಂದೆ ಮನೆ ತೊಳೆಯುವಾಗ ಅಟ್ಟದ ಮೇಲಿಂದ ಐದು ಸೇರಿನ ಹಳೆಯ ಎಣ್ಣೆ ಡಬ್ಬಿಯೊಂದು ಕೆಳಗಿಳಿಯಿತು. ತಂತಿಯ ಹಿಡಿಕೆ, ಮುಚ್ಚಳದ ತುಂಬ ಮೊಳೆ ಹೊಡೆದ ತೂತು. ಶಾಂತವ್ವ ಅದನ್ನು ಗುಜರಿಗೆ ಹಾಕುವವಳಿದ್ದಳು. ಸೊಸೆ ವೀಣಾ ಕೈಗೆತ್ತಿಕೊಂಡು, ಈ ತೂತು ಯಾಕೆ ಎಂದು ಕೇಳಿದಳು. ಮೀನಿಗೆ ಉಸಿರಾಡಲು ಎಂದೆ. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ನನಗೆ ಒಬ್ಬರು ಕೇಳುವವರು ಸಿಕ್ಕರೆ ಮುಗಿಯಿತು.

ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಎಂಬ ಮೀನು ಇದೆಯಲ್ಲ, ಅದನ್ನು ಊರೂರಿನ ಬಾವಿಗೆ, ನೀರಿನ ತೊಟ್ಟಿಗೆ ಬಿಡುವುದು ನನ್ನ ಕೆಲಸದಲ್ಲಿ ಒಂದು. ಡಬ್ಬಿಯಲ್ಲಿ ತುಂಬಿ, ಮೊದಲು ಸೈಕಲ್ಲಿಗೆ, ಆಮೇಲೆ ಲೂನಾಕ್ಕೆ ತೂಗುಹಾಕಿಕೊಂಡು ಹೊರಡುತ್ತಿದ್ದೆ. ಮಡಿವಂತರ ಓಣಿಯಲ್ಲಿ ಮಾತ್ರ ಫಜೀತಿ. ಕುಡಿಯುವ ನೀರಿನ ಬಾವಿಗೆ ಮೀನು ಬಿಡುತ್ತೇನೆಂದರೆ ಹೆಂಗಸರು ಕೊಡ ಹಿಡಿದು ಅಡ್ಡ ನಿಲ್ಲುತ್ತಿದ್ದರು. ನಾನೂ ಹುಟ್ಟಿದಾಗಿನಿಂದ ಮೀನು ತಿಂದವನಲ್ಲ. ಇವು ಮೀನಲ್ಲ ತಾಯಿ, ಔಷಧ, ಸರಕಾರ ಕಣ್ಣು ಬಾಲ ಹಚ್ಚಿ ಕಳಿಸಿದೆ ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ನಕ್ಕ ಮೇಲೆ ದಾರಿ ಬಿಡುತ್ತಿದ್ದರು. ಮೀನಿನ ಸಾಹೇಬ ಎಂದು ಹೆಸರೇ ಬಿತ್ತು. ಚಳಿಜ್ವರದಲ್ಲಿ ನಡುಗಿ ಎದ್ದ ಎಷ್ಟೋ ಜನ ಆ ಹೆಸರಿನಿಂದ ಕರೆದು ಚಹಾ ಕುಡಿಸಿದ್ದಾರೆ, ಸುಳ್ಳೇಕೆ ಹೇಳಲಿ, ನನಗೆ ಅದರ ಹೆಮ್ಮೆ ಬಹಳವಿತ್ತು.

ಹೆಮ್ಮೆಯ ಭಾಗವನ್ನಷ್ಟೇ ಸೊಸೆಗೆ ಹೇಳಿದೆ. ಹೇಳದೆ ಬಿಟ್ಟದ್ದು ಬೇರೆ ಇತ್ತು.

ವೀಣಾ ಇಲ್ಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ನಮ್ಮ ಜಿಲ್ಲೆಯ ಹಳ್ಳಗಳಲ್ಲಿ ಯಾವ ಯಾವ ಮೀನು ಇವೆ, ಅವುಗಳಲ್ಲಿ ನಮ್ಮವು ಯಾವುವು, ಹೊರಗಿನಿಂದ ಬಂದು ಸೇರಿದವು ಯಾವುವು ಎಂದು ಆಕೆ ಒಂದು ಪಟ್ಟಿ ಮಾಡುತ್ತಿದ್ದಳು. ವಿದ್ಯಾರ್ಥಿಗಳಿಗೆ ಪರೀಕ್ಷೆ ಬಂದಿತ್ತು, ಭಾನುವಾರ ಜೊತೆಗೆ ಬರುವವರಿಲ್ಲ. ನಿಮಗೆ ಹಳ್ಳಗಳೆಲ್ಲ ಗೊತ್ತಲ್ಲ, ಬರುತ್ತೀರಾ ಎಂದು ಕೇಳಿದಳು. ಬೀಗರ ಹಂಡೆಯಲ್ಲಿ ಕನ್ನಡಕ ಬೀಳಿಸಿಕೊಂಡವನನ್ನು ಅವರ ಮಗಳೇ ತಜ್ಞನೆಂದು ಕರೆಯುತ್ತಿದ್ದಾಳೆ! ಆ ತೂತಿನ ಡಬ್ಬಿಯನ್ನೇ ತಿಕ್ಕಿ ತೊಳೆದು ಕೈಯಲ್ಲಿ ಹಿಡಿದು ಹೊರಟೆ.

ಮೊದಲನೆಯ ಹಳ್ಳ ಹುನಗುಂದ ದಾರಿಯದು. ವೀಣಾ ಸೀರೆಯನ್ನು ಮೇಲೆ ಸಿಕ್ಕಿಸಿ ಮೊಣಕಾಲು ನೀರಿಗಿಳಿದು ಬಲೆ ಎತ್ತಿದಳು. ಸಿಕ್ಕದ್ದನ್ನು ಗಾಜಿನ ಬರಣಿಗೆ ಹಾಕಿ, ಬರಣಿಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡಿ ಹೇಳುತ್ತಾ ಹೋದಳು. ಬಾಲದಲ್ಲಿ ಬಣ್ಣದ ಚುಕ್ಕೆ ಇರುವ ಸಣ್ಣದು ಗಂಡು. ಬೂದುಬಣ್ಣದ, ಹೊಟ್ಟೆ ಉಬ್ಬಿದ, ಬಾಲದ ಕಡೆ ಹೊಟ್ಟೆಯಲ್ಲಿ ಕಪ್ಪು ಮಚ್ಚೆಯಿರುವುದು ಬಸುರಿ ಹೆಣ್ಣು. ಮೊಟ್ಟೆ ಇಡುವುದಿಲ್ಲ, ನೇರ ಮರಿಯನ್ನೇ ಹಾಕುತ್ತದೆ. ಗಪ್ಪಿ. ಅದು ನನಗೆ ಅವಳಿಗಿಂತ ಮೊದಲೇ ಗೊತ್ತಾಗಿತ್ತು, ಬಲೆ ಮೇಲೆ ಬಂದ ಕೂಡಲೇ ಗೊತ್ತಾಗಿತ್ತು. ಎರಡನೆಯ ಹಳ್ಳದಲ್ಲಿ ಬೆಳ್ಳಿಬಣ್ಣದ ನಮ್ಮವು ನಾಲ್ಕು, ಉಳಿದದ್ದೆಲ್ಲ ಗಪ್ಪಿ. ಮೂರನೆಯದರಲ್ಲಿ ಪೇಟೆಯಲ್ಲಿ ಜಿಲೇಬಿ ಎಂದು ಮಾರುವ ಹೊರಗಿನ ಮೀನಿನ ಮರಿಯೊಂದು, ಮತ್ತೆ ಗಪ್ಪಿ.

"ಬಾಂವ್ಯಾಗ ಇದ್ರ ತಿಳೀತೈತ್ರಿ. ಹರಿಯೂ ಹಳ್ಳಕ್ಕ ಹೆಂಗ ಬಂತು?" ಎಂದಳು ವೀಣಾ. "ಸಮುದ್ರದ ಆಚೀಕಡೀದು, ದಕ್ಷಿಣ ಅಮೆರಿಕದ್ದು ಇದು. ಯಾರೋ ತಂದು ಬಿಟ್ಟಾರ."

ಮಳೆ ನೀರಿನಲ್ಲಿ ಬಂದಿರಬೇಕು ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು.

ಹೇಳದೆ ಬಿಟ್ಟದ್ದು ಇದೇ ನೋಡಿ. ನಮಗಿದ್ದ ಆದೇಶ ಬಾವಿ, ತೊಟ್ಟಿಗಳಿಗೆ ಮಾತ್ರ. ಉಳಿದ ಮೀನನ್ನು ಸಂಜೆ ಕಚೇರಿಯ ಹೊಂಡಕ್ಕೆ ತಿರುಗಿ ತರಬೇಕು. ಬೇಸಿಗೆಯ ಇಳಿಹೊತ್ತಿನಲ್ಲಿ ಡಬ್ಬಿಯ ನೀರು ಕಾದು, ಉಳಿದ ಹತ್ತಿಪ್ಪತ್ತು ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕಚೇರಿ ಮುಟ್ಟುವುದರೊಳಗೆ ಸಾಯುವುದು ಖಾತ್ರಿ. ಜೀವ ಹೋಗುವುದನ್ನು ನೋಡುತ್ತಾ ಲೂನಾ ಓಡಿಸಲು ನನ್ನಿಂದ ಆಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಹಳ್ಳದಲ್ಲಿ ಮುಖ ತೊಳೆದುಕೊಂಡು, ಬದುಕಿಕೊಳ್ಳಿ ಎಂದು ಡಬ್ಬಿ ಬೋರಲು ಹಾಕುತ್ತಿದ್ದೆ. ಇಳಕಲ್ಲಿನಿಂದ ಹುನಗುಂದದವರೆಗೆ ನಾನು ಹೀಗೆ ಪುಣ್ಯ ಕಟ್ಟಿಕೊಳ್ಳದ ಹಳ್ಳವಿಲ್ಲ. ಭಾರವೂ ಇಳಿಯುತ್ತಿತ್ತು, ಅದನ್ನೂ ಒಪ್ಪಿಕೊಳ್ಳಬೇಕು.

ಆದರೂ ಇಷ್ಟಕ್ಕೇ ಎದೆ ಒಡೆದುಕೊಳ್ಳುವಂಥದ್ದೇನಿರಲಿಲ್ಲ. ನಾಲ್ಕನೆಯ ಹಳ್ಳದ ದಂಡೆಯಲ್ಲಿ ರೊಟ್ಟಿ ಬಿಚ್ಚಿ ಕೂತಾಗ ವೀಣಾ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬೆರಳಿಗಿಂತ ಸಣ್ಣ ಮೀನು, ನೀರಿನ ಮೇಲ್ಮೈಗೇ ಅಂಟಿಕೊಂಡು ಇರುವಂಥದ್ದು, ನೆತ್ತಿಯ ಮೇಲೆ ಬೆಳ್ಳಿಯ ಒಂದು ಬೊಟ್ಟು. ಇದು ಅಪ್ಪಟ ನಮ್ಮದು, ಪ್ರತಿ ಹಳ್ಳದಲ್ಲೂ ಇರಬೇಕಾದದ್ದು, ಎಲ್ಲಿಯೂ ಸಿಗುತ್ತಿಲ್ಲ ಎಂದಳು. ಗಪ್ಪಿ ಇದರ ಮೊಟ್ಟೆ ಮರಿ ತಿಂದು, ರೆಕ್ಕೆ ಕಚ್ಚಿ, ಜಾಗ ಹಿಡಿದಿರಬಹುದು. ಇದೊಂದೇ ಕಾರಣ ಎನ್ನಲಾಗದು, ಗಟಾರದ ನೀರೂ ಇದೆ, ಬಣ್ಣದ ನೀರೂ ಇದೆ, ಉಸುಕು ತೆಗೆಯುವುದೂ ಇದೆ. ಆಮೇಲೆ ಸುಮ್ಮನೆ ಎಂಬಂತೆ ಒಂದು ಮಾತು ಸೇರಿಸಿದಳು. ಈ ಮೀನು ಬದುಕುವುದೇ ಸೊಳ್ಳೆಯ ಮರಿ ತಿಂದು.

ಮುರಿದ ರೊಟ್ಟಿಯನ್ನು ತಿರುಗಿ ಬುತ್ತಿಯಲ್ಲಿಟ್ಟೆ. ನಾನು ದೂರದೇಶದಿಂದ ಬಂದದ್ದನ್ನು ಹೊತ್ತು ತಂದು ಮಾಡಿಸಿದ ಕೆಲಸವನ್ನು ಇದು ಮೊದಲಿನಿಂದಲೂ ಹೇಳದೆ ಕೇಳದೆ ಮಾಡುತ್ತಿತ್ತು. ಅಷ್ಟೇ ಅಲ್ಲ. ಈ ಮೀನು ನನಗೆ ಗೊತ್ತಿತ್ತು. ಇದು ನನ್ನ ಅವ್ವನ ಮೀನು.

ನಾನು ಹುಟ್ಟಿದ್ದು ಇಳಕಲ್ಲಿನಲ್ಲಿ. ಅಪ್ಪ ಮಗ್ಗದವನು, ನನಗೆ ಆರು ತುಂಬುವುದರೊಳಗೆ ತೀರಿಕೊಂಡ. ಅವ್ವ ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಕೆಲಸಕ್ಕೆ ನಿಂತಳು. ಬಣ್ಣ ಕುಡಿದ ನೂಲಿನ ಲಡಿಗಳನ್ನು ಹಳ್ಳಕ್ಕೆ ಒಯ್ದು ಜಾಲಿಸುವುದು ಅವಳ ಪಾಲಿಗಿತ್ತು. ಅವಳ ಕೈ ಮೊಣಕೈವರೆಗೆ ಒಂದು ದಿನ ದಾಳಿಂಬೆ ಬಣ್ಣ, ಒಂದು ದಿನ ನೀಲಿ. ನಾನು ಅವಳಿಗಿಂತ ಮೇಲಿನ ತಿಳಿನೀರಿನಲ್ಲಿ ಕಾಲು ಬಿಟ್ಟು ಕೂತಿರುತ್ತಿದ್ದೆ. ಸಣ್ಣ ಮೀನುಗಳು ಬಂದು ಬೆರಳ ಸಂದಿಗೆ ಮುತ್ತಿಡುತ್ತಿದ್ದವು. ಬಗ್ಗಿ ನೋಡಿದರೆ ಪ್ರತಿಯೊಂದರ ನೆತ್ತಿಯ ಮೇಲೂ ಬೊಟ್ಟು ಮಿಂಚುತ್ತಿತ್ತು. ಅವ್ವ ಅದನ್ನು ಮುತ್ತೈದಿ ಮೀನು ಎನ್ನುತ್ತಿದ್ದಳು. ಅವಳ ಹಣೆ ಬರಿದಾಗಿತ್ತು. ಒಮ್ಮೆ ಲಡಿ ಹಿಂಡುವುದನ್ನು ನಿಲ್ಲಿಸಿ, ನನಗಲ್ಲ, ನೀರಿಗೇ ಹೇಳುವಂತೆ ಅಂದಳು: "ನಂದು ಒಂದ ದಿನದಾಗ ಅಳಿಸಿದ್ರು. ಇದರದು ನೋಡು, ಹಗಲೆಲ್ಲಾ ನೀರಾಗ ಇದ್ರೂ ಅಳಸೂದಿಲ್ಲ."

ಅದನ್ನು ಅಳಿಸಿದವನು ನಾನಾದೆನೇ? ಹೇಳಿ, ಇಂಥ ಪ್ರಶ್ನೆ ಹೊಟ್ಟೆಯಲ್ಲಿಟ್ಟುಕೊಂಡು ಚಿಂತೆಯ ಮನುಷ್ಯ ಹೇಗೆ ಸುಮ್ಮನಿರುತ್ತಾನೆ? ಮುಂದಿನ ಶನಿವಾರ ತುಳಸಿಗೇರಿಗೆ ಹೋಗಿ, ಆ ಮೀನು ಎಲ್ಲಾದರೂ ಉಳಿದಿರಲಿ ಎಂದು ಹನುಮಪ್ಪನಿಗೆ ಹರಕೆ ಹೊತ್ತೆ. ಕಾಯಿ ಒಡೆದ ಮೇಲೆ, ಮೀನಿಗಾಗಿ ಅವನನ್ನು ಕೇಳುವುದು ಸರಿಯೋ ತಪ್ಪೋ ಎಂಬ ಹೊಸ ಚಿಂತೆ ಹತ್ತಿತು. ಸಂತೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಸ್ ಹತ್ತಿ ಒಬ್ಬನೇ ಇಳಕಲ್ಲಿನ ಹಳ್ಳಕ್ಕೆ ಹೋದೆ. ಅವ್ವ ನಿಲ್ಲುತ್ತಿದ್ದ ಕಡೆ ಚಹಾ ಸೋಸುವ ಜರಡಿಯಿಂದ ನೀರು ಗೋರಿದೆ. ಬಂದದ್ದು ಗಪ್ಪಿ. ಹತ್ತು ಸಲ ಗೋರಿದೆ, ಹತ್ತು ಸಲವೂ ಅದೇ. ಮನೆಯಲ್ಲಿ ಶಾಂತವ್ವ ಜರಡಿ ಎಲ್ಲಿ ಹೋಯಿತೆಂದು ಎರಡು ದಿನ ಹುಡುಕಿದಳು. ತೊಳೆದು ಇಟ್ಟೆ, ಆದರೆ ಆ ಜರಡಿಯ ಚಹಾ ನನಗೆ ಬಹಳ ದಿನ ಸೇರಲಿಲ್ಲ.

ಸೊಸೆಗೆ ಹೇಳಿಬಿಡಬೇಕೆಂದು ದಿನಾಲೂ ಅಂದುಕೊಳ್ಳುತ್ತಿದ್ದೆ. ಅವಳ ಪಟ್ಟಿ ಅಚ್ಚಾಗುತ್ತದೆ, ಅದರಲ್ಲಿ ಮಾವನ ಹೆಸರು ಬರುತ್ತದೆ, ನನಗೆ ಚಹಾ ಕುಡಿಸಿದವರೆಲ್ಲ ಓದುತ್ತಾರೆ ಎಂದೆಲ್ಲ ಊಹಿಸಿಕೊಂಡು ಬಾಯಿ ಕಟ್ಟುತ್ತಿತ್ತು. ಅಷ್ಟರಲ್ಲಿ ದಾವಲಸಾಬ ಹೇಳಿದ.

ದಾವಲಸಾಬ ನಮ್ಮ ಕಚೇರಿಯಲ್ಲಿ ಜವಾನನಾಗಿದ್ದವನು, ಎಷ್ಟೋ ಊರಿಗೆ ನನ್ನ ಲೂನಾದ ಹಿಂದೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಂದವನು. ಈಗ ಹುನಗುಂದದ ಹೊರಗೆ ಹಳ್ಳದ ದಂಡೆಯಲ್ಲೇ ಅವನ ಹೊಲ. ಮೂರನೆಯ ಭಾನುವಾರ ಅವನನ್ನು ತಪ್ಪಿಸಲು ನಾನು ವೀಣಾಳನ್ನು ಮುಳ್ಳುಕಂಟಿಯಲ್ಲಿ ಸುತ್ತು ಹಾಕಿಸಿ ಕರೆದೊಯ್ದೆ. ಅವನು ನೇರವಾಗಿ ನೀರಿನಲ್ಲೇ ಎತ್ತಿನ ಮೈ ತೊಳೆಯುತ್ತಾ ನಿಂತಿದ್ದ. ಬಂದು ನನ್ನ ಕೈ ಹಿಡಿದು, ಬರಣಿ ಇಸಿದುಕೊಂಡು ನೋಡಿ, ಮುಖ ಅರಳಿಸಿದ.

"ಸಾಹೇಬ್ರ, ಇವು ನೀವು ಬಿಟ್ಟ ಮೀನಿನ ಮೊಮ್ಮಕ್ಕಳಲ್ಲೇನ್ರಿ? ಸಂಜಿಮುಂದ ಇಲ್ಲೇ ಡಬ್ಬಿ ಬಗ್ಗಸ್ತಿದ್ರಿ, ನನಗ ನೆಪ್ಪೈತಿ." ಸೊಸೆಯ ಕಡೆ ತಿರುಗಿ, ನಿಮ್ಮ ಮಾವನಂಥ ಕರುಳಿನ ಮನುಷ್ಯ ಸಿಗುವುದಿಲ್ಲ, ಒಂದು ಹುಳ ಸಾಯಲೂ ಬಿಡುತ್ತಿರಲಿಲ್ಲ ಎಂದು ಹೊಗಳಿದ. ಹೊಗಳಿಕೆ ಕೇಳುತ್ತಾ ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ.

ವೀಣಾ ಅವನ ಕೈಯಿಂದ ಬರಣಿ ತೆಗೆದುಕೊಂಡಳು. ಚೀಲದಿಂದ ನೋಟ್‌ಬುಕ್ ತೆಗೆದು ಕಲ್ಲಿನ ಮೇಲೆ ಕೂತಳು. ಎಷ್ಟು ವರ್ಷ, ಯಾವ ಯಾವ ಹಳ್ಳ, ಒಂದು ಸಲಕ್ಕೆ ಎಷ್ಟು ಎಂದು ಕೇಳತೊಡಗಿದಳು. ನಾನು ಪಂಚನಾಮೆಗೆ ನಿಂತವನ ಹಾಗೆ ಹೇಳುತ್ತಾ ಹೋದೆ. ಇಪ್ಪತ್ತಕ್ಕೂ ಹೆಚ್ಚು ಜಾಗ ಹೇಳಿರಬೇಕು. ಕೊನೆಗೆ ಅವ್ವನ ಮಾತನ್ನೂ ಹೇಳಿದೆ. ಅದನ್ನು ಹೇಳುವಾಗ ದಾವಲಸಾಬ ಎತ್ತಿನ ಕಡೆ ಹೋಗಿಬಿಟ್ಟ.

ಅವಳು ಪೆನ್ನು ಮುಚ್ಚಲಿಲ್ಲ. "ಮಾವಾರ, ಬಿಟ್ಟದ್ದು ಆತು. ಇನ್ನ ನೀವು ಎಲ್ಲೆಲ್ಲಿ ಬಿಟ್ಟಿಲ್ಲ ಅಂತ ಹೇಳ್ರಿ. ಅಲ್ಲಿ ಹುಡುಕೂಣು."

ಬಿಡದ ಜಾಗ ಎಂದರೆ ನನಗೆ ಒಂದೇ ನೆನಪಾಯಿತು, ಮತ್ತು ಅದನ್ನು ಹೇಳಲು ಇದಕ್ಕಿಂತ ಹೆಚ್ಚು ನಾಚಿಕೆಯಾಯಿತು. ನಿವೃತ್ತಿಗೆ ಸ್ವಲ್ಪ ಮೊದಲು ನನ್ನನ್ನು ಬಾದಾಮಿ ಕಡೆಗೆ ಹಾಕಿದ್ದರು. ಅಲ್ಲೊಂದು ಕೆಂಪುಕಲ್ಲಿನ ಗುಡ್ಡದ ಮೇಲೆ ಸದಾ ನೀರು ಒಸರುವ ಹೊಂಡ, ಅಲ್ಲಿಂದಲೇ ಒಂದು ಸಣ್ಣ ಹಳ್ಳ ಹುಟ್ಟಿ ಕೆಳಗೆ ಧುಮುಕುತ್ತದೆ. ಕೆಳಗಿನ ಊರವರು ಆ ಹೊಂಡದ ನೀರನ್ನೇ ಕುಡಿಯುತ್ತಿದ್ದರಿಂದ ಅದನ್ನೂ ಪಟ್ಟಿಗೆ ಸೇರಿಸಿ, ಮೀನು ಬಿಟ್ಟು ಬಾ ಎಂದಿದ್ದರು. ನನಗೆ ಮೊಣಕಾಲು ನೋವು. ಮೆಟ್ಟಿಲ ಬುಡದಲ್ಲಿ ಅರ್ಧ ತಾಸು ಕೂತು, ಮೇಲೆ ನೋಡಿ, ತಿರುಗಿ ಬಂದು, ಮೀನು ಬಿಡಲಾಯಿತು ಎಂದು ಡೈರಿಯಲ್ಲಿ ಬರೆದೆ. ಇಡೀ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ. ಆ ಊರಿನಲ್ಲಿ ಯಾರಿಗಾದರೂ ಜ್ವರ ಬಂದೀತೆಂದು ಎಷ್ಟೋ ವರ್ಷ ಹೆದರಿದ್ದೇನೆ. ಕರುಣೆಯಿಂದ ಮಾಡಿದ್ದು ಹೀಗಾಯಿತು, ಮೈಗಳ್ಳತನದಿಂದ ಬಿಟ್ಟದ್ದೇ ಈಗ ಉಳಿದ ಆಸೆ ಎಂದರೆ ಮನುಷ್ಯ ಯಾವ ಮುಖ ಇಟ್ಟುಕೊಳ್ಳಬೇಕು?

ಮುಂದಿನ ಭಾನುವಾರ ಬಾದಾಮಿ ಬಸ್ ಹಿಡಿದೆವು. ಯಾವ ಗುಡ್ಡ, ಯಾವ ಹೊಂಡ ಎಂದು ಕೇಳಬೇಡಿ, ಹೇಳುವುದಿಲ್ಲ. ನನ್ನಂಥ ಕರುಳಿನವರು ಇನ್ನೂ ಇರಬಹುದು. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಹೋಗಲಿಲ್ಲ, ಸರಿ, ನನ್ನ ಹಿಂದೆ ಬಂದವನು ಮೊಣಕಾಲು ಗಟ್ಟಿಯಿದ್ದವನಾಗಿದ್ದರೆ? ಆಗ ಹತ್ತದ ಮೆಟ್ಟಿಲನ್ನು ಈಗ ಇನ್ನೂ ಹಾಳಾದ ಮೊಣಕಾಲಲ್ಲಿ, ನಾಲ್ಕು ಕಡೆ ಕೂತು ಕೂತು ಹತ್ತಿದೆ. ಡಬ್ಬಿ ಕೈಯಲ್ಲೇ ಇತ್ತು.

ಹೊಂಡ ಮನೆಯ ಪಡಸಾಲೆಯಷ್ಟು ಇದ್ದೀತು. ವೀಣಾ ಬಲೆ ಎತ್ತಿ ಬರಣಿಗೆ ಸುರಿದು ಪಕ್ಕದಿಂದ ನೋಡಿದಳು. ಬೂದುಬಣ್ಣದ ಸಣ್ಣ ಮೀನು ಎರಡು. ಹೆಣ್ಣು ಗಪ್ಪಿ ಇರಬಹುದೇನೋ ಎನ್ನುವಂತೆ ಹುಬ್ಬು ಗಂಟಿಕ್ಕಿದಳು. ಆಗ ನನಗೆ ನೆನಪಾಯಿತು, ಅವ್ವ ಇವನ್ನು ಎಂದೂ ಪಕ್ಕದಿಂದ ನೋಡಿರಲಿಲ್ಲ. ಬರಣಿಯನ್ನು ನೆಲಕ್ಕಿಡಿಸಿ, ಚಟದಂತೆ ಮೇಲಿನಿಂದ ಬಗ್ಗಿ ನೋಡಿದೆ. ಎರಡು ಬೊಟ್ಟು. ಹೊಂಡದ ಕಡೆ ತಿರುಗಿದೆ. ದಂಡೆಯ ನೆರಳಿನಲ್ಲಿ, ನೀರಿನ ಮೇಲ್ಮೈಗೆ ಹತ್ತಿಕೊಂಡು, ಹತ್ತು, ಹದಿನೈದು, ಇನ್ನೂ ಆಚೆ ಇನ್ನಷ್ಟು ಬೊಟ್ಟುಗಳು. ಅಳಿಸಿರಲಿಲ್ಲ. ನಾನು ಅಲ್ಲೇ ಕುಸಿದು ಕೂತು ಅತ್ತೆ, ಹೇಳಲು ನಾಚಿಕೆಯೇನಿಲ್ಲ. ವೀಣಾ ಬಾಯಿ, ರೆಕ್ಕೆ, ಬಾಲ ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ, ಫೋಟೋ ಹಿಡಿದು, ಹೌದು ಎಂದು ಬರೆದುಕೊಂಡಳು. ಹೊಂಡದ ಸುತ್ತ ಬಲೆ ಹಾಕಿದಳು. ಒಂದು ಗಪ್ಪಿಯೂ ಬರಲಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ಮಾತ್ರ ನಾಚಿಕೆ. ಅವಳು ಬರೆಯುತ್ತಿದ್ದಾಗ ನಾನು ಎದ್ದು ನೀರಿನ ಅಂಚಿಗೆ ಹೋದದ್ದು ನೆನಪಿದೆ. ಸಂಜೆಯೊಳಗೆ ಇಳಕಲ್ಲು ಮುಟ್ಟಬಹುದು, ನೀರು ತಣ್ಣಗಿದೆ, ಸಾಯುವುದಿಲ್ಲ ಎಂದು ಲೆಕ್ಕ ಹಾಕಿದ್ದೂ ನೆನಪಿದೆ.

"ಮಾವಾರ, ಡಬ್ಬಿ ಯಾಕ್ರಿ?" ಎಂದಳು ವೀಣಾ.

ನೋಡಿದರೆ ಡಬ್ಬಿ ನನ್ನ ಕೈಯಲ್ಲಿ ತುಂಬಿ ಭಾರವಾಗಿದೆ. ಒಳಗೆ ಐದು ಮುತ್ತೈದಿ ಮೀನು. ತೂತಿನ ಮುಚ್ಚಳವನ್ನೂ ಹಾಕಿಯಾಗಿದೆ.

"ಅವ್ವನ ಹಳ್ಳಕ್ಕ," ಎಂದೆ.

"ಅಲ್ಲಿ ಈಗ ಯಾರು ಅದಾರಂತ ನಿಮಗ ಗೊತ್ತೈತಲ್ರಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊಣಕಾಲೂರಿ ಡಬ್ಬಿಯನ್ನು ನೀರಿನೊಳಗೆ ಓರೆ ಮಾಡಿದೆ. ನಾಲ್ಕು ತಕ್ಷಣ ಹೋದವು. ಒಂದು ತಳದಲ್ಲೇ ಸುತ್ತು ಹಾಕುತ್ತಿತ್ತು, ಅದು ಹೋಗುವವರೆಗೆ ಕಾದೆ. ಖಾಲಿ ಡಬ್ಬಿಯೊಳಗೆ ಮೂರು ಸಲ ಇಣುಕಿದೆ.

ವೀಣಾಳ ಪಟ್ಟಿ ಮುಗಿಯಿತು. ಗಪ್ಪಿಯ ಮುಂದೆ, ಆರೋಗ್ಯ ನೌಕರರೊಬ್ಬರು ಹಳ್ಳಗಳಿಗೆ ಬಿಟ್ಟದ್ದು ಎಂದಷ್ಟೇ ಬರೆದಿದ್ದಳು. ನಾನೇ ಕೇಳಿ ಹೆಸರು ಹಾಕಿಸಿದೆ. ದಾವಲಸಾಬನಿಗೆ ಒಂದು ಪ್ರತಿ ಕಳಿಸಿದ್ದೇನೆ. ಅವನು ಹೊಗಳಿಕೆ ಎಂದೇ ತಿಳಿದಿದ್ದಾನೆ.

ಬಾದಾಮಿಯಿಂದ ಬಂದ ಸಂಜೆಯೇ ಅಂಗಳದಲ್ಲಿ ಕೂತು, ಒಂದು ಮೊಳೆ ಮತ್ತು ಗುಂಡುಕಲ್ಲು ತೆಗೆದುಕೊಂಡು ಆ ಡಬ್ಬಿಯ ತಳಕ್ಕೂ ತೂತು ಹೊಡೆದೆ. ಶಾಂತವ್ವ ಅದರಲ್ಲಿ ಕೊತ್ತಂಬರಿ ಹಾಕುತ್ತೇನೆ, ಕೊಡಿ ಎಂದಳು. ಸ್ವಲ್ಪ ತಡೆ ಎಂದು ಅದನ್ನು ನಳದ ಕೆಳಗೆ ಹಿಡಿದೆ. ಮೂರು ಸಲ ತುಂಬಿ ನೋಡಿದೆ. ಮೂರು ಸಲವೂ ಸೋರಿತು.